ಏಡಿ ಸಾರು ಕುದಿಯಲಿ, ಒರಳು ತೊಳೆಯಲಿ

ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತಿತೆಂದರೆ ಮಲೆನಾಡಿನ ಮನೆಗಳಲ್ಲಿ ಏಡಿ ಸಾರಿನ ಘಮಲು. ನೆಗಡಿ, ಕೆಮ್ಮಿಗೆ ಇದಕ್ಕಿಂತ ಮದ್ದಿಲ್ಲ ಅಂತ ಹಿರಿಯರು ಹೇಳೋದನ್ನು ನೀವೂ ಕೇಳಿರ್ತೀರಿ. ಆದರೆ ಅದೇ ಏಡಿ ಹಸಿಯಾಗಿ ಹೊಟ್ಟೆ ಸೇರಿದರೆ ವರ್ಷಗಟ್ಟಲೆ ಬಿಡದ ಕೆಮ್ಮು ತರಬಲ್ಲದು ಎಂದರೆ ನಂಬ್ತೀರಾ?

ಸಿಹಿನೀರಿನ ಏಡಿಯಲ್ಲಿ ಪ್ಯಾರಾಗೋನಿಮಸ್ ಎಂಬ ಹುಳುವಿನ ಮರಿಗಳು ಅಡಗಿರುವುದುಂಟು. ಎಲ್ಲ ಏಡಿಯಲ್ಲೂ ಇರೋದಿಲ್ಲ, ಆದರೆ ಕಣ್ಣಿಂದ ನೋಡಿ ಗುರುತಿಸೋಕೂ ಆಗಲ್ಲ. ಮೊದಲು ನೀರಿನ ಬಸವನಹುಳು, ಆಮೇಲೆ ಏಡಿ, ಅಲ್ಲಿಂದ ಏಡಿ ತಿಂದವರು, ಹೀಗೆ ಅದರ ಪಯಣ. ಅರೆಬೆಂದ ಏಡಿ ತಿಂದಾಗ ಮರಿ ಕರುಳಿನ ಗೋಡೆ ಕೊರೆದು ಹೊರಟು ಶ್ವಾಸಕೋಶದಲ್ಲಿ ಬಿಡಾರ ಹೂಡುತ್ತದೆ. ಬೆಳೆದ ಹುಳು ಗಾತ್ರ, ಆಕಾರ ಎರಡರಲ್ಲೂ ಕಾಫಿ ಬೀಜದಂತೆ. (ಕಾಫಿ ಕುಡಿಯುತ್ತಾ ಓದುತ್ತಿದ್ದರೆ ಕ್ಷಮಿಸಿ!)

ನಂತರ ಕೆಮ್ಮು, ಎದೆನೋವು, ತುಕ್ಕು ಬಣ್ಣದ ಕಫ, ಕೆಲವೊಮ್ಮೆ ರಕ್ತ. ಯಾರಿಗಾದರೂ ಮೊದಲು ಅನುಮಾನ ಬರೋದು ಕ್ಷಯದ ಮೇಲೇ ತಾನೆ? ಮಣಿಪುರದಲ್ಲಿ ಆಗಿದ್ದೂ ಅದೇ. 1980ರ ದಶಕದಲ್ಲಿ ಅಲ್ಲಿ ಈ ರೋಗ ಬೆಳಕಿಗೆ ಬಂತು. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಟಿಬಿ ಮಾತ್ರೆ ನುಂಗುತ್ತಲೇ ಇದ್ದವರಿದ್ದರು. ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಲ್ಲೂ ಇದೇ ಕಥೆ. ಅಷ್ಟು ಕಾಡುವ ಈ ಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಎರಡು ಮೂರು ದಿನ ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ! ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಇಂಥ ಕೆಮ್ಮು ಬಿಡದೆ ಕಾಡಿದರೆ, ಏಡಿ ತಿಂದಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಕಫದಲ್ಲಿ ಹುಳುವಿನ ಮೊಟ್ಟೆ ಇದೆಯಾ ಅಂತ ನೋಡ್ತಾರೆ. ಹಾಗಂತ ಇದನ್ನು ಓದಿ ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿಬಿಡಬೇಡಿ.

ಹಿಂದೆ ಕೊರಿಯಾದಲ್ಲಿ ದಡಾರ ಬಂದ ಮಕ್ಕಳಿಗೆ, ಸಿಗಡಿಯನ್ನು ಹೋಲುವ ಹೊಳೆಯ ಜೀವಿಯೊಂದರ ಹಸಿ ರಸ ಕುಡಿಸುತ್ತಿದ್ದರಂತೆ. ಮದ್ದೆಂದು ಕೊಟ್ಟದ್ದೇ ಹುಳು ತಂದಿತು. ಹಸಿ ಏಡಿ ರಸ ಒಳ್ಳೇದು ಅಂತ ನಿಮಗೂ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಮಗುವಿಗೆ ಮಾತ್ರ ಕುಡಿಸಬೇಡಿ. ಉಪ್ಪು, ಹುಳಿ, ಖಾರ ಹಚ್ಚಿಟ್ಟರೆ ಹುಳು ಸಾಯುತ್ತೆ ಅನ್ನೋದನ್ನೂ ನಂಬಬೇಡಿ. ಬೆಂಕಿಯೇ ಬೇಕು.

ನಮ್ಮ ಸಾರಂತೂ ಕೊತಕೊತ ಕುದಿಯುತ್ತದೆ, ಅದರ ಭಯವಿಲ್ಲ. ನನಗೆ ಚಿಂತೆ ಹತ್ತಿದ್ದು ಒರಳಿನದು. ಏಡಿಯ ಸಣ್ಣ ಕಾಲುಗಳನ್ನು ಕುಟ್ಟಿ, ರಸ ಸೋಸಿ ಸಾರಿಗೆ ಹಾಕ್ತೀವಲ್ಲ, ಆ ರಸ ಕುದಿಯುತ್ತದೆ ಸರಿ, ಒರಳು ಕುದಿಯುತ್ತದಾ? ತವರಿನಲ್ಲಿ ಅದನ್ನೇ ಒಂದು ಚೊಂಬು ನೀರಲ್ಲಿ ಗಲಬರಿಸಿ ಕಾಯಿ ಚಟ್ನಿ ರುಬ್ಬುತ್ತಿದ್ದೆವು. ಚಟ್ನಿಯನ್ನು ಯಾರು ಬೇಯಿಸ್ತಾರೆ? ಹಸಿ ಏಡಿ ಮುಟ್ಟಿದ ಕೈ, ಚಾಕು, ಹಲಗೆಯಿಂದಲೂ ಮರಿಹುಳು ಬೇರೆ ಅಡುಗೆಗೆ ದಾಟಬಹುದು. ಇವನ್ನೆಲ್ಲ ಸೋಪು ಹಾಕಿ ಉಜ್ಜಿ. ಒರಳಿಗೆ ಕುದಿಯುವ ನೀರು ಸುರಿದು ತೊಳೆಯಿರಿ. ರಸವನ್ನು ಒಲೆಯಿಂದ ಇಳಿಸುವ ಹೊತ್ತಿಗಲ್ಲ, ಮೊದಲೇ ಹಾಕಿ.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ, "ಇಷ್ಟು ವರ್ಷ ಯಾರಿಗೆ ಏನಾಗಿದೆ?" ಅಂತ ಗದರಿದ್ದಳು. ಮೊನ್ನೆ ಹೋದಾಗ ನೋಡ್ತೀನಿ, ಏಡಿಗೇ ಅಂತ ಬೇರೆ ಕುಟ್ಟಾಣಿ ಹಿತ್ತಲ ಕಟ್ಟೆ ಮೇಲಿದೆ!