ಹದಿನೈದು ತುಂಬಿದ ಜೀಪು: ಇಟ್ಟುಕೊಳ್ಳುವುದೋ, ಕೊಡುವುದೋ?

ಗುರುಪುರ, ಹುಣಸೂರು ಕಡೆಯ ಅನೇಕ ಅಂಗಳಗಳಲ್ಲಿ ವಯಸ್ಸಾದ ಬೊಲೆರೊ ನಿಂತಿರುತ್ತದೆ. ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ತಂಬಾಕು ಹರಾಜಿನ ಹಣ ಕೈಗೆ ಬಂದೊಡನೆ, ಇದನ್ನು ಮಾರಿ ಹೊಸದು ತರೋಣವೆಂದು ಮಕ್ಕಳು ಹಟ ಹಿಡಿಯುತ್ತಾರೆ. ಆತುರ ಬೇಡ.

ರಿಪೇರಿ ಬಿಲ್ಲನ್ನು ಹಳೆಯ ಗಾಡಿಯ ಮಾರಾಟದ ಬೆಲೆಗೆ ಹೋಲಿಸಬೇಡಿ; ಹೊಸ ಗಾಡಿಯ ವರ್ಷದ ಕಂತಿಗೆ ಹೋಲಿಸಿ. ತಿಂಗಳಿಗೆ 15,000 ರೂಪಾಯಿ ಕಂತೆಂದರೆ ವರ್ಷಕ್ಕೆ 1,80,000. ಕ್ಲಚ್, ಟೈರು, ಬ್ಯಾಟರಿ ಸೇರಿ 60,000 ಬಿದ್ದರೂ ಹಳೆಯದೇ ಅಗ್ಗ. ಸಾಲ ತೀರಿದ ಮೇಲೆ ಹೊಸ ಗಾಡಿ ನಮ್ಮದಾಗುವುದು ನಿಜ. ಆದರೆ ಮಳೆ ಕೈಕೊಟ್ಟ ವರ್ಷವೂ ಕಂತು ಕಟ್ಟಲೇಬೇಕು.

ಈ ಲೆಕ್ಕವೆಲ್ಲ ಷಾಸಿ ಗಟ್ಟಿಯಿದ್ದರೆ ಮಾತ್ರ. ಮಳೆಗಾಲ ಕಳೆದ ಮೇಲೆ ಗಾಡಿಯಡಿ ನುಗ್ಗಿ ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ಮುಂದೆ ಕಾಸು ಸುರಿಯಬೇಡಿ. ಎಂಜಿನ್ನನ್ನು ಮತ್ತೆ ಕಟ್ಟಿಸಬಹುದು, ಷಾಸಿಯನ್ನಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು ತಿಳಿಯಿರಿ. ಕಪ್ಪು ಹೊಗೆಯಾದರೆ ಮೊದಲು ಏರ್ ಫಿಲ್ಟರ್ ನೋಡಿಸಿ, ಅಗ್ಗದ ಕೆಲಸ. ರೇಡಿಯೇಟರ್ ನೀರನ್ನು ಮಾತ್ರ ಮರೆಯಬೇಡಿ. ನಾನೇ ಮರೆತು, ಎಚ್.ಡಿ. ಕೋಟೆ ರಸ್ತೆಯಲ್ಲಿ ಎಂಜಿನ್ ಕಾಯಿಸಿ ಹೆಡ್ ಗ್ಯಾಸ್ಕೆಟ್ಟಿಗೆ ದಂಡ ತೆತ್ತವನು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯಲ್ಲಿ ತೇರ್ಗಡೆಯಾದರೆ 5 ವರ್ಷ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಿಂದ 10,000. ಹಸಿರು ತೆರಿಗೆ ಬೇರೆ. ಆದ್ದರಿಂದ ಅವಧಿಗೆ ಎರಡು ತಿಂಗಳು ಮುಂಚೆಯೇ ಷಾಸಿ ನೋಡಿಸಿ, ಹೊಸ ಟೈರಿನ ಮಾತು ಆಮೇಲೆ.