ಭಾನಾಮತಿಯ ಸೀಮೆಗೆ ಬಾರದ ಕ್ಯಾಮೆರಾ

ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಗಳದ ಮೇಲಿನ ಸೀರೆಗೆ ತಾನಾಗಿಯೇ ಬೆಂಕಿ ಹತ್ತಿತೆಂದರೆ, ನಡುರಾತ್ರಿ ಮಾಳಿಗೆ ಮೇಲೆ ಕಲ್ಲು ಬಿದ್ದರೆ, ಸೊಸೆಯೊಬ್ಬಳು ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳತೊಡಗಿದರೆ ಜನ ಹೇಳುವ ಹೆಸರು ಒಂದೇ: ಭಾನಾಮತಿ. ಹೇಳುವಾಗ ದನಿ ತಗ್ಗುತ್ತದೆ. ‘ಯಾರೋ ಮಾಡ್ಸ್ಯಾರ’ ಎನ್ನುತ್ತಾರೆ. ಆ ‘ಯಾರೋ’ ಬಹಳ ದಿನ ಹೆಸರಿಲ್ಲದೆ ಉಳಿಯುವುದಿಲ್ಲ. ಅದಕ್ಕೊಂದು ಮನೆ, ಒಂದು ಮುಖ ಸಿಕ್ಕೇ ಸಿಗುತ್ತದೆ. ಗಂಡ ಸತ್ತ, ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸಿನ ಮುಖವಾದರೆ ಊರಿಗೆ ಅನುಮಾನವೇ ಉಳಿಯುವುದಿಲ್ಲ.

ನಮ್ಮ ಜನಪ್ರಿಯ ದೆವ್ವದ ಸಿನಿಮಾಗಳು ಈ ದಾರಿಯಲ್ಲಿ ಬರಲಿಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಅನಂತನಾಗ್ ಅವರ ಮೈಮೇಲೆ ಬಂದ ಪ್ರೇತವನ್ನು ಮಂತ್ರಾಲಯದ ರಾಯರ ಸನ್ನಿಧಿಗೆ ತಂದು ನಿಲ್ಲಿಸಿತು. 2015ರ ‘ರಂಗಿತರಂಗ’ ಕರಾವಳಿಯ ಕಾಡು ಹಿಡಿಯಿತು. ಕಳೆದ ಕೆಲವು ವರ್ಷಗಳಲ್ಲಂತೂ ‘ಕಾಂತಾರ’ದಿಂದ ‘ಸು ಫ್ರಮ್ ಸೋ’ವರೆಗೆ ದೈವ, ದೆವ್ವ ಎರಡೂ ಕಡಲ ಕಡೆಯವೇ. ಆ ಸಿನಿಮಾಗಳ ಮೇಲೆ ನನಗೆ ತಕರಾರಿಲ್ಲ. ಅಲ್ಲಿಯ ಮಣ್ಣಿನವರೇ ತಮ್ಮ ನುಡಿಯಲ್ಲಿ ಮಾಡಿದ್ದಕ್ಕೇ ಅವು ಗೆದ್ದವು.

ಆದರೆ 2004ರ ‘ಆಪ್ತಮಿತ್ರ’ದ ಬಗ್ಗೆ ಒಂದು ಮಾತು ಹೇಳಲೇಬೇಕು. ಸೌಂದರ್ಯ ಅವರ ಗಂಗಾ ಎಷ್ಟು ಚೆಂದದ ಕನ್ನಡ ಮಾತಾಡುತ್ತಾಳೆ! ನಾಗವಲ್ಲಿಯಾದೊಡನೆ ‘ರಾ ರಾ’ ಎಂದು ತೆಲುಗಿನಲ್ಲಿ ಹಾಡುತ್ತಾಳೆ. ಈ ಕತೆಯ ಮೂಲ, 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ ಅದೇ ನಾಗವಲ್ಲಿ ತಮಿಳಿನವಳು. ಮನೆಯೊಡತಿ ನಮ್ಮವಳು, ಅವಳೊಳಗೆ ಹೊಕ್ಕವಳು ಪಕ್ಕದ ನಾಡಿನವಳು. ಇನ್ನು ಮಾಟ ಮಾಡುವವನೋ, ನಮ್ಮ ಸಿನಿಮಾದಲ್ಲಿ ಅವನು ಕೇರಳದವನು, ಇಲ್ಲವೇ ಕೊಳ್ಳೇಗಾಲದವನು. ಹಳ್ಳಿಯ ಕಟ್ಟೆ ಮಾಡುವುದೂ ಇದನ್ನೇ. ಭಯಕ್ಕೆ ಮುಖ ಬೇಕಾದಾಗ ಅಂಚಿನಲ್ಲಿರುವವರನ್ನು ಹುಡುಕುತ್ತದೆ.

ಕಲಬುರಗಿ ಸೀಮೆಯಲ್ಲಿ ಹಾಗೆ ನಮ್ಮವರು, ಹೊರಗಿನವರು ಎಂದು ಗೆರೆ ಎಳೆಯುವುದು ಸುಲಭವಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲ ಇದು. ಒಂದೇ ಸಂತೆಯಲ್ಲಿ ಕನ್ನಡ, ದಖನಿ, ಮರಾಠಿ, ತಾಂಡಾದ ಲಂಬಾಣಿ ಕಿವಿಗೆ ಬೀಳುತ್ತವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬನ್ನಿ. ಭೀಮಾ-ಅಮರ್ಜಾ ಸಂಗಮದ ದತ್ತನ ಊರು. ಮಹಾಮಂಗಳಾರತಿಯ ಹೊತ್ತಿಗೆ ಗಾಳಿ ಸೋಕಿದೆ ಎಂದು ಕರೆತಂದವರು ಕೂಗುತ್ತಾರೆ, ಹೊರಳುತ್ತಾರೆ, ಕಂಬ ಹಿಡಿದು ಮೇಲೇರುತ್ತಾರೆ. ಅವರ ಬಾಯಲ್ಲಿ ಮರಾಠಿಯೂ ಇದೆ, ಕನ್ನಡವೂ ಇದೆ. ಗುಡಿಯಲ್ಲಿ ಗುಣ ಕಾಣದವರು ದರ್ಗಾಕ್ಕೆ ಹರಕೆ ಹೊರುತ್ತಾರೆ, ದರ್ಗಾದಿಂದ ಗುಡಿಗೆ ಬರುವವರೂ ಉಂಟು. ಸಂಕಟಕ್ಕೆ ಇಲ್ಲಿ ಜಾತಿ, ಧರ್ಮದ ಬೇಲಿ ಇಲ್ಲ. ಬೇಲಿ ಬೀಳುವುದು ಆರೋಪ ಹೊರಿಸುವಾಗ.

ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಈ ಭಾಗದ ಭಾನಾಮತಿಯನ್ನು ಅಧ್ಯಯನ ಮಾಡಿದವರು. ಮೈಮೇಲೆ ಬರುವುದರ ಹಿಂದಿನ ಮನಸ್ಸಿನ ನೋವನ್ನು ತಿಳಿಗನ್ನಡದಲ್ಲಿ ಜನರಿಗೆ ವಿವರಿಸಿದವರು. ಮನೆಯಲ್ಲಿ ಬಾಯಿ ತೆರೆಯಲಾಗದವಳಿಗೆ ಬೊಗಳುವುದೊಂದೇ ಉಳಿದ ಮಾತಾಗಬಹುದು. ಕಾನೂನೂ ಬಂದಿದೆ: ರಾಜ್ಯದ ವಿಧಾನಮಂಡಲ 2017ರಲ್ಲಿ ಒಪ್ಪಿದ ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಈಗ ಅಪರಾಧ. ಪಕ್ಕದ ತೆಲಂಗಾಣದ ಹಳ್ಳಿಗಳಲ್ಲಿ, ಮಂತ್ರದ ಉಚ್ಚಾರ ಕೆಡಲೆಂದು, ಭಾನಾಮತಿ ಮಾಡುತ್ತಾರೆಂದು ಶಂಕಿಸಿದವರ ಹಲ್ಲನ್ನೇ ಕಿತ್ತಿದ್ದಾರೆ. ಯಾವ ಗ್ರಾಫಿಕ್ಸ್ ದೆವ್ವ ಇದಕ್ಕಿಂತ ಹೆಚ್ಚು ಹೆದರಿಸೀತು?

ಈ ಸೀಮೆಯ ಕತೆ ಸಿನಿಮಾ ಆಗುವಾಗ ಪಾತ್ರವರ್ಗದಲ್ಲಿ ಒಬ್ಬ ಲಂಬಾಣಿ ಹೆಂಗಸು, ಒಬ್ಬ ಮುಸ್ಲಿಂ ಗೆಳೆಯ ಇದ್ದರಾಯಿತು ಎಂಬ ಲೆಕ್ಕ ನನಗೆ ಸಾಲದು. ಕ್ಯಾಮೆರಾ ಯಾರ ಅಂಗಳದಲ್ಲಿ ನಿಂತಿದೆ, ಅದನ್ನು ನೋಡಬೇಕು. ಜಾಂಬಿಯಾದಲ್ಲಿ ಹುಟ್ಟಿದ ರುಂಗಾನೊ ನ್ಯೋನಿ 2017ರಲ್ಲಿ ‘ಐ ಆಮ್ ನಾಟ್ ಎ ವಿಚ್’ ಮಾಡಿದರು. ಮಾಟಗಾತಿ ಎಂಬ ಹಣೆಪಟ್ಟಿ ಹೊತ್ತ ಪುಟ್ಟ ಹುಡುಗಿ ಶೂಲಾಳ ಬೆನ್ನಿಗೆ, ಹಾರಿಹೋಗದಿರಲೆಂದು, ಬಿಳಿ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಚಿತ್ರದ ಉದ್ದಕ್ಕೂ ನಾವು ಅವಳ ಜೊತೆಗಿರುತ್ತೇವೆ, ಹೆದರಿಕೆ ಹುಟ್ಟುವುದು ಅವಳ ಸುತ್ತಲಿನ ದೊಡ್ಡವರಿಂದ.

ನಮ್ಮಲ್ಲೂ ಇದು ಆಗದ ಮಾತಲ್ಲ. ‘ತಿಥಿ’ ಸಿನಿಮಾ ಬರೆದವರಲ್ಲಿ ಒಬ್ಬರಾದ ಈರೇಗೌಡರು ಮಂಡ್ಯದ ನೊದೆಕೊಪ್ಪಲಿನವರು. ಅದೇ ಊರ ಸುತ್ತಿನ ಜನ ಅಭಿನಯಿಸಿದರು, ಅವರ ಮಾತು 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದಿತು. ಮಂಡ್ಯದ ಕನ್ನಡಕ್ಕೆ ಒದಗಿದ್ದು ‘ಏನ್ ಮಾಡ್ಲಕತ್ತೀ’ ಎನ್ನುವ ಕಲಬುರಗಿಯ ಕನ್ನಡಕ್ಕೂ ಒದಗಬೇಕು. ಇಷ್ಟು ಕಾಲ ಅದನ್ನು ಪರದೆಯ ಮೇಲೆ ಹೆಚ್ಚಾಗಿ ನಗಿಸಲಿಕ್ಕೆ ಬಳಸಿದ್ದಾರೆ. ಅದೇ ನುಡಿಯಲ್ಲಿ ಒಬ್ಬ ತಾಯಿ ‘ನಾ ಏನೂ ಮಾಡಿಲ್ರೀ’ ಎಂದು ಪಂಚರ ಮುಂದೆ ನಿಂತು ಹೇಳುವುದನ್ನು ಕೇಳಬೇಕಿದೆ ನನಗೆ.

ಅಂಥ ಚಿತ್ರ ಮಾಡುವವರು ಅಮಾವಾಸ್ಯೆ, ನಿಂಬೆಹಣ್ಣು, ತಲೆಬುರುಡೆಯಿಂದ ತೊಡಗುವುದು ಬೇಡ. ಜೇವರ್ಗಿ ಕಡೆಯ ಒಂದು ತೊಗರಿ ಹೊಲದ ಬದಿಯ ಮುದುಕಿಯೊಬ್ಬಳ ಮನೆಯಿಂದ ತೊಡಗಲಿ. ದಿನಾ ಹೆಪ್ಪಿಗೆ ಮಜ್ಜಿಗೆ ಕೇಳಲು ಬರುತ್ತಿದ್ದ ನೆರೆಮನೆಯ ಹುಡುಗಿ ಇವತ್ತು ಬಂದಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಮುದುಕಿ ತಾನೇ ತಂಬಿಗೆ ಹಿಡಿದು ಆ ಮನೆಗೆ ಹೋಗುತ್ತಾಳೆ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸುತ್ತದೆ.