ಬೇಕು ಎನ್ನುವ ಮೆದುಳು, ಸಾಕು ಎನ್ನುವ ಮೆದುಳು

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿರುವ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಒಂದು ವಿಚಿತ್ರ ವರದಿಯನ್ನು ಪ್ರಕಟಿಸಿದರು. ಪಾರ್ಕಿನ್ಸನ್ ಕಾಯಿಲೆಗೆ, ಅಂದರೆ ನಮ್ಮ ಹಿರಿಯರು ಕಂಪವಾತ ಎಂದು ಕರೆಯುತ್ತಿದ್ದ ರೋಗಕ್ಕೆ, ಔಷಧ ತೆಗೆದುಕೊಳ್ಳುತ್ತಿದ್ದ 11 ಮಂದಿ ಜೂಜಿನ ಹುಚ್ಚಿಗೆ ಬಿದ್ದಿದ್ದರು. ಅವರಲ್ಲಿ ಏಳು ಮಂದಿಗೆ ಈ ಚಟ ಅಂಟಿಕೊಂಡದ್ದು ಔಷಧ ಆರಂಭಿಸಿದ ಅಥವಾ ಅದರ ಪ್ರಮಾಣ ಹೆಚ್ಚಿಸಿದ ಮೂರು ತಿಂಗಳೊಳಗೆ. ಔಷಧ ಇಳಿಸಿದಾಗ ಅಥವಾ ನಿಲ್ಲಿಸಿದಾಗ ಹಲವರಲ್ಲಿ ಚಟವೂ ಬಿಟ್ಟುಹೋಯಿತು!

ಇದೇನು ಕಾಕತಾಳೀಯವೇ? ಅಲ್ಲ. 2010ರಲ್ಲಿ ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನ ಹೊರಬಂತು. ಈ ಬಗೆಯ ಔಷಧ ಸೇವಿಸುತ್ತಿದ್ದವರಲ್ಲಿ ಸುಮಾರು ಶೇ 17 ಮಂದಿಗೆ ಜೂಜು, ಕೊಳ್ಳುಬಾಕತನ, ಮಿತಿಮೀರಿ ತಿನ್ನುವುದು ಇತ್ಯಾದಿಗಳಲ್ಲಿ ಒಂದಲ್ಲ ಒಂದು ಹತೋಟಿ ಮೀರಿತ್ತು. ಸೇವಿಸದವರಲ್ಲಿ ಈ ಪ್ರಮಾಣ ಸುಮಾರು ಶೇ 7 ಮಾತ್ರ.

ಇದಕ್ಕೂ, ನಾಳೆ ಪರೀಕ್ಷೆ ಇಟ್ಟುಕೊಂಡು ಇಂದು ರಾತ್ರಿ ಪುಸ್ತಕ ಮಗುಚಿಟ್ಟು ಮೊಬೈಲಿಗೆ ಕೈಹಾಕುವ ನಮ್ಮ ಮನೆಯ ಹುಡುಗನಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ಸಂಬಂಧವಿದೆ. ಇಬ್ಬರನ್ನೂ ಕಾಡುವ ವಸ್ತು ಒಂದೇ. ಅದರ ಹೆಸರು ಡೋಪಮೈನ್.

ಸರ್ಪಗಂಧ ಕೊಟ್ಟ ಸುಳಿವು

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದರಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕೆಲಸವನ್ನು ಕೆಲವು ರಾಸಾಯನಿಕಗಳು ಮಾಡುತ್ತವೆ. ಡೋಪಮೈನ್ ಅಂಥ ಓಲೆಕಾರರಲ್ಲಿ ಒಂದು. ಇದನ್ನು ತಯಾರಿಸುವ ಕೋಶಗಳು ಕೆಲವೇ ಲಕ್ಷ. ಹೆಚ್ಚಿನವು ಇರುವುದು ನಡುಮೆದುಳಿನಲ್ಲಿ. ಆದರೆ ಅವುಗಳ ಎಳೆಗಳು ಬಹುದೂರ ಹಬ್ಬಿವೆ.

ಇದರ ಮಹತ್ವ ತಿಳಿದದ್ದರ ಹಿಂದೆ ನಮ್ಮ ನಾಡಿನ ಗಿಡವೊಂದರ ಪಾತ್ರವಿದೆ. ನಮ್ಮ ನಾಟಿ ವೈದ್ಯರು ಬಳಸುತ್ತಿದ್ದ ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಬಿದ್ದುಕೊಂಡವು. ಆಮೇಲೆ, ದೇಹವು ಡೋಪಮೈನ್ ತಯಾರಿಸಿಕೊಳ್ಳುವ ಮೂಲವಸ್ತುವಾದ ಎಲ್-ಡೋಪಾವನ್ನು ಕೊಟ್ಟರು. ಮೊಲಗಳು ಮತ್ತೆ ಎದ್ದು ಓಡಾಡತೊಡಗಿದವು! 1957ರಲ್ಲಿ ಪ್ರಕಟವಾದ ಈ ಶೋಧ ಮುಂದೆ ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ಮಾಡಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಡೋಪಮೈನ್ ಇಲ್ಲದಿದ್ದರೆ ನಾವು ಕೈ ಎತ್ತಲಾರೆವು, ಹೆಜ್ಜೆ ಇಡಲಾರೆವು. ಇಂದು ಕೆಲವರು ‘ಡೋಪಮೈನ್ ಉಪವಾಸ’ ಎಂದು ಹೇಳುವುದುಂಟು. ಅನ್ನ ಬಿಟ್ಟಂತೆ ಇದನ್ನು ಬಿಟ್ಟಿರಲು ಯಾರಿಗೂ ಸಾಧ್ಯವಿಲ್ಲ.

ಸುಖವಲ್ಲ, ಸೆಳೆತ

ಡೋಪಮೈನ್ ಎಂದರೆ ಸುಖ ಕೊಡುವ ರಸ ಎಂಬ ಮಾತು ಪ್ರಚಾರದಲ್ಲಿದೆ. ಅದು ಪೂರ್ತಿ ಸರಿಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೇಲೆ ನಡೆಸಿದ ಪ್ರಯೋಗ ನೋಡಿ. ಅನಿರೀಕ್ಷಿತವಾಗಿ ಹಣ್ಣಿನ ರಸ ಬಾಯಿಗೆ ಬಿದ್ದಾಗ ಮಂಗದ ಡೋಪಮೈನ್ ಕೋಶಗಳು ಚುರುಕಾದವು. ರಸ ಕೊಡುವ ಮೊದಲು ಪ್ರತಿಸಲ ಒಂದು ಸೂಚನೆ ಕೊಡುತ್ತಾ ಹೋದರು. ಕೆಲವು ದಿನಗಳಲ್ಲಿ ಕೋಶಗಳು ಸೂಚನೆ ಕಂಡೊಡನೆ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು! ಸೂಚನೆ ಕೊಟ್ಟೂ ರಸ ಕೊಡದೆ ಹೋದರೆ, ಅದು ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಅವುಗಳ ಚಟುವಟಿಕೆ ಕುಸಿಯಿತು.

ಅಂದರೆ ಡೋಪಮೈನ್ ಒಂದು ಲೆಕ್ಕ ಬರೆಯುತ್ತದೆ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಿತೇ, ಏರು. ಕಡಿಮೆ ಸಿಕ್ಕಿತೇ, ಇಳಿ. ಈ ಏರಿಳಿತದಿಂದಲೇ ಮೆದುಳು ಪಾಠ ಕಲಿಯುತ್ತದೆ. ಮೊಬೈಲ್ ‘ಟಿಣ್’ ಎಂದಾಗ ಕೈ ತಾನಾಗಿ ಹೋಗುವುದು ಈ ಕಲಿಕೆಯಿಂದಲೇ. ಬಂದ ಸಂದೇಶ ಸಪ್ಪೆಯಾಗಿರಬಹುದು, ಆದರೆ ಸದ್ದು ಹುಟ್ಟಿಸಿದ ‘ಬೇಕು’ ಮಾತ್ರ ಸಪ್ಪೆಯಲ್ಲ.

ಸೋಲು ತಿಳಿಯದ ಮೆದುಳು

ಈಗ ಜೂಜಿಗೆ ಬಿದ್ದ ರೋಗಿಗಳ ಕಡೆಗೆ ಮರಳೋಣ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ. ಆ ಕೊರತೆ ತುಂಬಲು, ಡೋಪಮೈನಿನಂತೆಯೇ ವರ್ತಿಸುವ ಮಾತ್ರೆಗಳನ್ನು ಕೊಡುತ್ತಾರೆ. ಮೆದುಳಿನ ಆಳದಲ್ಲಿ ‘ಹೊರಡು’ ಎನ್ನುವ ಒಂದು ದಾರಿ, ‘ನಿಲ್ಲು’ ಎನ್ನುವ ಇನ್ನೊಂದು ದಾರಿ ಇವೆ. ಡೋಪಮೈನ್ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಸಡಿಲಿಸುತ್ತದೆ.

ಅಮೆರಿಕದ ಸಂಶೋಧಕ ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದು: ಔಷಧ ತೆಗೆದುಕೊಂಡ ಪಾರ್ಕಿನ್ಸನ್ ರೋಗಿಗಳು ಗೆಲುವಿನಿಂದ ಚೆನ್ನಾಗಿ ಕಲಿಯುತ್ತಾರೆ, ಸೋಲಿನಿಂದ ಕಲಿಯುವುದು ಕಡಿಮೆ. ಔಷಧ ಇಲ್ಲದಾಗ ಇದು ತಿರುವುಮುರುವು. ಸೋತಾಗ ಡೋಪಮೈನ್ ಇಳಿಯಬೇಕು. ಆದರೆ ಮಾತ್ರೆಯ ಪ್ರಭಾವದಲ್ಲಿ ಆ ಇಳಿತ ಮುಚ್ಚಿಹೋಗುತ್ತದೆ. ಹಣ ಕಳೆದುಕೊಂಡದ್ದು ಕಣ್ಣಿಗೆ ಕಾಣುತ್ತದೆ, ಮೆದುಳಿಗೆ ಮಾತ್ರ ಚುಚ್ಚುವುದಿಲ್ಲ.

(ಇದನ್ನು ಓದಿ ಯಾರೂ ತಮ್ಮ ಔಷಧವನ್ನು ತಾವೇ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.)

ಬ್ರೇಕು ಬರುವುದು ತಡವಾಗಿ

‘ತಾಳು, ಯೋಚಿಸು’ ಎನ್ನುವ ಕೆಲಸ ಮುಖ್ಯವಾಗಿ ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಇಡೀ ಮೆದುಳಿನಲ್ಲಿ ಕೊನೆಗೆ ಬಲಿಯುವ ಭಾಗಗಳಲ್ಲಿ ಇದೂ ಒಂದು. ಇಪ್ಪತ್ತು ದಾಟಿದ ಮೇಲೂ ಇದರ ಬೆಳವಣಿಗೆ ನಡೆದೇ ಇರುತ್ತದೆ. ಆದರೆ ಸೆಳೆತದ ಕೇಂದ್ರಗಳು ಹದಿಹರೆಯದಲ್ಲೇ ಭರದಿಂದ ಓಡುತ್ತಿರುತ್ತವೆ. ಎಂಜಿನ್ ಜೋರು, ಬ್ರೇಕು ಇನ್ನೂ ಜೋಡಣೆಯಲ್ಲಿದೆ!

ಹಾಗಾದರೆ ಡೋಪಮೈನ್ ಕಡಿಮೆಯಾದಷ್ಟೂ ಒಳ್ಳೆಯದೇ? ಅದೂ ಅಲ್ಲ. ಈ ಬ್ರೇಕು ಕೆಲಸ ಮಾಡಲೂ ಡೋಪಮೈನ್ ಬೇಕು. ಒಂದು ಕಡೆ ಕೂರಲಾಗದ, ಗಮನ ನಿಲ್ಲದ ಎಡಿಎಚ್‌ಡಿ ಎಂಬ ತೊಂದರೆಯಿರುವ ಮಕ್ಕಳಿಗೆ ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್, ಮೆದುಳಿನಲ್ಲಿ ಡೋಪಮೈನನ್ನು ಹೆಚ್ಚಿಸಿಯೇ ಅವರಿಗೆ ಹತೋಟಿ ತಂದುಕೊಡುತ್ತದೆ. ಸಾರಿಗೆ ಉಪ್ಪಿದ್ದಂತೆ ಇದು. ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು.

ಮನೆಯಲ್ಲಿ ಏನು ಮಾಡಬಹುದು?

ವಿದ್ಯಾರ್ಥಿಗಳೇ, ಸೆಳೆತದ ಜೊತೆ ಗುದ್ದಾಡುವುದಕ್ಕಿಂತ ಅದರ ಸೂಚನೆಯನ್ನೇ ದೂರ ಮಾಡುವುದು ಸುಲಭ. ಓದುವ ಹೊತ್ತಿನಲ್ಲಿ ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ಇಡೀ ಪುಸ್ತಕ ಮುಗಿಸುತ್ತೇನೆ ಎಂದು ಹೊರಡಬೇಡಿ. ನಾಲ್ಕು ಪುಟ ಓದಿ, ಗುರುತು ಹಾಕಿ, ಎದ್ದು ಓಡಾಡಿ ಬನ್ನಿ. ಸಣ್ಣ ಗೆಲುವನ್ನೂ ಮೆದುಳು ಲೆಕ್ಕಕ್ಕೆ ಹಿಡಿಯುತ್ತದೆ. ನಿದ್ದೆಗೆಟ್ಟ ರಾತ್ರಿಯ ಮರುದಿನ ಬ್ರೇಕು ಇನ್ನಷ್ಟು ಸಡಿಲ ಎಂಬುದು ನೆನಪಿರಲಿ.

ತಂದೆತಾಯಿಗಳಿಗೂ ಒಂದು ಮಾತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹೇಳಿದಂತೆ ಒಳ್ಳೆಯ ಬಣ್ಣದ ಕಡ್ಡಿ, ಚಿತ್ರದ ಚೀಟಿ ತಂದುಕೊಟ್ಟರು. ಇನ್ನೊಂದು ಗುಂಪಿಗೆ ತರುತ್ತೇನೆಂದು ಹೇಳಿ ಬರಿಗೈಯಲ್ಲಿ ಬಂದರು. ಆಮೇಲೆ ಎಲ್ಲರ ಮುಂದೆಯೂ ಒಂದೊಂದು ಮಿಠಾಯಿ ಇಟ್ಟು, ‘ತಿನ್ನದೆ ಕಾದರೆ ಎರಡು’ ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಮೂರೇ ನಿಮಿಷ! ಇಲ್ಲಿ ಯಾರೂ ಡೋಪಮೈನ್ ಅಳೆಯಲಿಲ್ಲ. ಆದರೂ ಪಾಠ ಸ್ಪಷ್ಟವಾಗಿದೆ. ತಾಳ್ಮೆ ಕೇವಲ ಹುಟ್ಟುಗುಣವಲ್ಲ, ಕಾದರೆ ಸಿಗುತ್ತದೆ ಎಂಬ ನಂಬಿಕೆಯೂ ಹೌದು.

ಹತೋಟಿ ತೀರಾ ತಪ್ಪಿದೆ ಎನಿಸಿದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ಮೊಬೈಲ್, ಆಟಗಳ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು.

‘ನಿನಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ಲ’ ಎಂದು ಮಗನನ್ನು ಗದರುವ ಮುನ್ನ ಆ 11 ಮಂದಿ ಹಿರಿಯರನ್ನು ಒಮ್ಮೆ ನೆನೆಯಿರಿ. ಅವರ ಶೀಲವೇನೂ ಕೆಟ್ಟಿರಲಿಲ್ಲ, ಮೆದುಳಿನ ತಕ್ಕಡಿ ಏರುಪೇರಾಗಿತ್ತು. ನಮ್ಮ ಮಕ್ಕಳ ತಕ್ಕಡಿ ಇನ್ನೂ ತಯಾರಾಗುತ್ತಿದೆ. ಬೈಗುಳ ಅದನ್ನು ಬೇಗ ಮುಗಿಸಿಕೊಡುವುದಿಲ್ಲ. ಕಳೆದ ಪರೀಕ್ಷೆ ಮುಗಿದ ಮೇಲೆ ಕೊಡಿಸುತ್ತೇನೆಂದು ಹೇಳಿ ಮರೆತ ಆ ಸೈಕಲ್ಲನ್ನು ಕೊಡಿಸಿದರೆ ಸ್ವಲ್ಪ ಸಹಾಯವಾದೀತು.